ಒಲೆಗೆ ಕೀಲಿ ಕೊಟ್ಟ ಮಾಸ್ತರರು

"ಟಿಕ್ ಅನ್ನೋ ವಸ್ತು ಯಾವುದೇ ಇರ್ಲಿ, ನನ್ನ ಕಣ್ಣಿಗೆ ಬಿದ್ದ ಮೇಲೆ ತೆಪ್ಪಗೆ ಸರಿಯಾದ ಗಂಟೆ ತೋರಿಸ್ಬೇಕು. ತೋರಿಸ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ."

ಇದು ಕೀಲಿ ಮಾಸ್ತರರ ಪ್ರತಿಜ್ಞೆ. ದಿನಕ್ಕೊಮ್ಮೆಯಾದರೂ ಅದು ಅವರ ಬಾಯಿಂದ ಹೊರಡಲೇಬೇಕು. ಕೇಳುವವರಿದ್ದರೆ ಅವರಿಗೆ, ಇಲ್ಲದಿದ್ದರೆ ಅಂಗಡಿಯ ಗೋಡೆಗೆ. ಇತ್ತೀಚೆಗೆ ಹೆಚ್ಚಾಗಿ ಗೋಡೆಯೇ ಕೇಳಿಸಿಕೊಳ್ಳುತ್ತಿತ್ತು.

ಮಾಸ್ತರರೆಂದರೆ ಶಾಲೆಯ ಮಾಸ್ತರರಲ್ಲ, ಗಡಿಯಾರ ರಿಪೇರಿ ಮಾಡುವವರು. ಹಿಂದೆ ಅವರ ತಂದೆ ಮನೆಮನೆಗೆ ಹೋಗಿ ಗೋಡೆ ಗಡಿಯಾರಗಳಿಗೆ ಕೀಲಿ ಕೊಟ್ಟು ಬರುತ್ತಿದ್ದರಂತೆ. ಅವರಿಗೆ ಬಿದ್ದ ಹೆಸರು ಅಂಗಡಿಯ ಜೊತೆಗೇ ಮಗನ ಪಾಲಿಗೆ ಬಂದಿತ್ತು. ಅಂಗಡಿ ಅಂದರೂ ದೊಡ್ಡ ಮಾತಾಯಿತು. ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲು ಕೂರಿಸಿದರೆ ಎಷ್ಟಾಗುತ್ತದೋ ಅಷ್ಟು. ಒಬ್ಬರು ಕೂತರೆ ಇನ್ನೊಬ್ಬರು ಬೀದಿಯಲ್ಲಿ ನಿಂತು ಮಾತಾಡಬೇಕು.

ಆದರೆ ಅಂಗಡಿ ಚಿಕ್ಕದಾದರೇನು, ಅದರ ಕಾನೂನು ದೊಡ್ಡದು. ರಿಪೇರಿಯಾದ ಯಾವ ಗಡಿಯಾರವನ್ನೂ ಮಾಸ್ತರರು ಅವತ್ತೇ ವಾಪಸ್ ಕೊಡುತ್ತಿರಲಿಲ್ಲ. ಗೋಡೆಯ ಮೊಳೆಗೆ ತಗುಲಿಹಾಕಿ ಒಂದು ವಾರ ನಿಗಾದಲ್ಲಿಡುತ್ತಿದ್ದರು. "ಈಗ ಓಡ್ತಾ ಇದೆ, ಸರಿ. ನಾಳೆ ಓಡುತ್ತೆ ಅಂತ ಏನು ನಂಬಿಕೆ? ಜ್ವರ ಬಿಟ್ಟ ಮಗು, ರಿಪೇರಿಯಾದ ಗಡಿಯಾರ, ಎರಡನ್ನೂ ತಕ್ಷಣ ಬೀದಿಗೆ ಬಿಡಬಾರ್ದು" ಎನ್ನುತ್ತಿದ್ದರು. ಒಮ್ಮೆ ಒಬ್ಬ ಮದುವೆ ಗಂಡು ಬಂದು, ನಾಳೆಯೇ ನನ್ನ ಮದುವೆ, ಮಾವ ಕೊಟ್ಟ ವಾಚು, ಕೈಗೆ ಕಟ್ಟಿಕೊಳ್ಳದೆ ಹೋದರೆ ಮರ್ಯಾದೆ ಹೋಗುತ್ತದೆ ಎಂದು ಗೋಗರೆದ. ಮಾಸ್ತರರು ಭೂತಗನ್ನಡಿಯನ್ನು ಕಣ್ಣಿಂದ ತೆಗೆಯದೆಯೇ, "ಮದುವೆ ಮುಂದಕ್ಕೆ ಹಾಕು" ಎಂದರು.

ಅದೆಲ್ಲ ಹಳೆಯ ವೈಭವ. ಈಗ ಜನ ಗಂಟೆ ನೋಡಲು ಜೇಬಿನಿಂದ ಫೋನು ತೆಗೆಯುತ್ತಾರೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಸೆಲ್ ಹಾಕಿಸಲು ಬರುವವರು, ಇನ್ನರ್ಧ ಜನ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ಬರುವವರು. ಮಾಸ್ತರರು ಮಾತ್ರ ಸಂಜೆ ಮನೆಗೆ ಬಂದು, "ಉಸ್ಸಪ್ಪಾ, ಇವತ್ತು ತಲೆ ಎತ್ತೋಕೆ ಪುರಸೊತ್ತಿರ್ಲಿಲ್ಲ" ಎಂದು ಕಾಲು ಚಾಚುತ್ತಿದ್ದರು. ಹೆಂಡತಿ ಟವೆಲ್ ಕೊಡುವ ನೆಪದಲ್ಲಿ ಅವರ ಕೈ ನೋಡುತ್ತಿದ್ದಳು. ಬೆರಳ ತುದಿಯಲ್ಲಿ ಎಣ್ಣೆಯ ಕಲೆ ಇರುತ್ತಿರಲಿಲ್ಲ. ಆಕೆ ಏನೂ ಹೇಳುತ್ತಿರಲಿಲ್ಲ.

ಹಾಗಂತ ಕೈಕಟ್ಟಿ ಕೂರುವ ಹೆಂಗಸೂ ಆಕೆಯಲ್ಲ. ರೈಲ್ವೆ ಗೇಟಿನ ಆಚೆ ಅಂಗಿ ಹೊಲಿಯುವ ಒಂದು ಕಾರ್ಖಾನೆ ಇತ್ತು. ಅಲ್ಲಿನ ಹೆಂಗಸರಿಗೆ ಮಧ್ಯಾಹ್ನದ ಊಟ ಕಳಿಸುವವರು ಬೇಕಾಗಿದ್ದಾರೆಂದು ಗೊತ್ತಾದದ್ದೇ ತಡ, ಆಕೆ ಸೆರಗು ಬಿಗಿದು ಹೋಗಿ ಮೇಲ್ವಿಚಾರಕಿಯನ್ನು ಕಂಡು ಬಂದಳು. ಹೊಸದಾಗಿ ಬಂದಿದ್ದ ಆ ಮೇಲ್ವಿಚಾರಕಿಗೆ ಕೆಲಸದವರು ಇಟ್ಟ ಹೆಸರು ಗಂಟೆಯಮ್ಮ. ಗಂಟೆಯಮ್ಮ ಷರತ್ತನ್ನು ನಿಂತ ಕಾಲಲ್ಲೇ ಹೇಳಿದ್ದಳು: "ಒಂದು ಗಂಟೆಗೆ ಬೆಲ್ ಹೊಡೀತೀನಿ. ಊಟ ಆಗ ಬಾಗಿಲಲ್ಲಿರ್ಬೇಕು. ಬಿಡುವು ಅರ್ಧ ಗಂಟೆ ಅಷ್ಟೇ. ಸೋಮವಾರ ಒಂದು ದಿನ ನೋಡ್ತೀನಿ. ಸರಿಹೋದ್ರೆ ಕಾಯಂ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಕೇಳೋರು ಬೇರೆಯವರೂ ಇದಾರೆ."

ಮನೆಯ ಎರಡು ಕಣ್ಣಿನ ಹಳೆಯ ಒಲೆಯಲ್ಲಿ ಅಷ್ಟು ಜನರ ಅಡುಗೆ ಎಲ್ಲಿ ಸಾಗುತ್ತದೆ? ಆಕೆ ಕೂಡಿಟ್ಟದ್ದನ್ನೆಲ್ಲ ಬಳಿದು ಹೊಸ ಗ್ಯಾಸ್ ಒಲೆ ತರಿಸಿದಳು. ಅದು ಬರೀ ಒಲೆಯಾಗಿರಲಿಲ್ಲ. ಮೇಲೆ ನಾಲ್ಕು ಕಣ್ಣು, ಕೆಳಗೆ ಹೊಟ್ಟೆಯಲ್ಲಿ ಕರೆಂಟಿನ ಓವನ್, ಎದೆಯ ಮೇಲೆ ಸಾಲಾಗಿ ನಾಬುಗಳು. ಗುರುವಾರ ಅದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಮಾಸ್ತರರ ತಾಯಿ ಅದನ್ನು ಸುತ್ತು ಹಾಕಿ ನೋಡಿ, "ಇದು ಒಳಗೆ ಬಂದ್ರೆ ನಾವು ಎಲ್ಲಿ ಇರೋದು?" ಎಂದು ಕೇಳಿದರು.

ಕೂರಿಸಲು ಬಂದವನು ಗ್ಯಾಸಿನ ಕೊಳವೆ ಜೋಡಿಸಿ, ಪ್ಲಗ್ ಹಾಕಿ, ಮೇಲಿನ ನಾಲ್ಕೂ ಕಣ್ಣು ಹಚ್ಚಿ ತೋರಿಸಿದ. ನಾಬ್ ಒತ್ತಿದರೆ ಸಾಕು, ಪಟ್ ಎಂದು ಕಿಡಿ ಹಾರಿ ನೀಲಿ ಉರಿ. ಹೆಂಡತಿಯ ಮುಖವೂ ಬೆಳಗಿತು. ಅವನು ಚೀಲ ಎತ್ತಿಕೊಳ್ಳುತ್ತ, "ಮೇಲಿಂದು ಗ್ಯಾಸು, ಕೆಳಗಿಂದು ಕರೆಂಟು. ಈ ಗಡಿಯಾರಕ್ಕೆ ಟೈಮ್ ಇಡದಿದ್ರೆ ಓವನ್ ಹತ್ತಲ್ಲ. ಮೇಲಿನ ಒಲೆಗೂ ಇದಕ್ಕೂ ಸಂಬಂಧ ಇಲ್ಲ" ಎಂದ.

ಹೆಂಡತಿ ಕೇಳಿಸಿಕೊಂಡದ್ದು, ಮೇಲಿನ ಒಲೆಗೂ ಇದಕ್ಕೂ ಸಂಬಂಧ ಇಲ್ಲ ಎಂಬುದನ್ನು. ಮಾಸ್ತರರು ಕೇಳಿಸಿಕೊಂಡದ್ದು ಒಂದೇ ಪದ, ಗಡಿಯಾರ.

ಅವರು ಬಗ್ಗಿ ನೋಡಿದರು. ನಾಬುಗಳ ನಡುವೆ ಒಂದು ಪುಟ್ಟ ಕಪ್ಪು ಗಾಜು, ಅದರಲ್ಲಿ ಸೊನ್ನೆಗಳು. ಸೊನ್ನೆಗಳು ಕಣ್ಣು ಮಿಟುಕಿಸುತ್ತಿದ್ದವು. ಮಟಮಟ ಮಧ್ಯಾಹ್ನ, ಕೀಲಿ ಮಾಸ್ತರರ ಮನೆಯ ಅಡುಗೆಮನೆಯಲ್ಲಿ ನಿಂತು, ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ಹೇಳುವ ಧೈರ್ಯ ಒಂದು ವಸ್ತುವಿಗೆ.

"ಯಾರೂ ಮುಟ್ಬೇಡಿ" ಎಂದರು ಮಾಸ್ತರರು.

"ಟೀಗೆ ನೀರಿಡ್ತೀನಿ ರೀ."

"ಗಂಟೆ ಸರಿಹೋಗೋ ತನಕ ಅದರ ಮೇಲೆ ಏನೂ ಇಡಕೂಡ್ದು. ನಾಲ್ಕು ಜನ ನೋಡಿದ್ರೆ ಏನಂತಾರೆ? ಕೀಲಿ ಮಾಸ್ತರ ಮನೇಲಿ ತಪ್ಪು ಗಂಟೆ ಅನ್ನಲ್ವಾ?"

"ನಾಲ್ಕು ಜನ ನಮ್ಮ ಅಡುಗೆಮನೆಗೆ ಯಾಕೆ ಬರ್ತಾರೆ?"

"ಸಂಜೆಯೊಳಗೆ ಸರಿ ಮಾಡ್ತೀನಿ. ಇದೇನು ಮಹಾ" ಎಂದವರೇ ಮಾಸ್ತರರು, ಹುಮ್ಮಸ್ಸು ತಡೆಯಲಾರದೆ, ಇನ್ನು ಇದ್ಯಾಕೆ ಎಂದು ಹಳೆಯ ಒಲೆಯನ್ನು ಹೆಗಲಿಗೇರಿಸಿಕೊಂಡು ಹೋಗಿ, ತಮ್ಮ ಅಂಗಡಿಯ ಪಕ್ಕದ ಟೀ ಅಂಗಡಿಯವನಿಗೆ ದಾನ ಮಾಡಿ ಬಂದರು. ದಾನಶೂರರಿಗೆ ಹಿಂದೆ ಮುಂದೆ ನೋಡುವ ಅಭ್ಯಾಸವಿರುವುದಿಲ್ಲ.

ಸಂಜೆ ಅವರು ಸ್ಟೂಲ್ ಹಾಕಿಕೊಂಡು ಒಲೆಯ ಎದುರು ಕೂತರು. ಗಾಜಿನ ಕೆಳಗೆ ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ಕುಂಯ್ ಎನ್ನುತ್ತಿತ್ತು. ಎರಡನ್ನು ಒತ್ತಿದರೆ ಕುಂಯ್ ಕುಂಯ್. ಗಂಟೆ ಬದಲಾಯಿಸಲು ಹೋದರೆ ಬೀಗದ ಚಿತ್ರ ಬಂತು. ಬೀಗ ತೆಗೆಯಲು ಹೋದರೆ ಕೋಳಿಯ ಚಿತ್ರ ಬಂತು. ಗುಂಡಿಯ ಸಹವಾಸವೇ ಬೇಡವೆಂದು ಓವನ್ನಿನ ನಾಬನ್ನು ಕೊನೆಮುಟ್ಟ ತಿರುಗಿಸಿದರು, ಕೋಳಿ ಕದಲಲಿಲ್ಲ. ಜೊತೆಗೆ ಬಂದ ಪುಸ್ತಕವನ್ನು ಹೆಂಡತಿ ತಂದುಕೊಟ್ಟಾಗ, "ಗಡಿಯಾರದ ಬಗ್ಗೆ ನನಗೆ ಪುಸ್ತಕ ಪಾಠ ಹೇಳ್ಬೇಕಾ?" ಎಂದು ಅದನ್ನು ಸ್ಟೂಲಿನ ಕುಂಟುವ ಕಾಲಿಗೆ ಒತ್ತುಕೊಟ್ಟರು. ಸ್ಟೂಲ್ ನೆಟ್ಟಗಾಯಿತು, ಒಲೆ ಆಗಲಿಲ್ಲ.

ಶುಕ್ರವಾರ ಅವರು ಆಯುಧಗಳ ಪೆಟ್ಟಿಗೆಯನ್ನೇ ಮನೆಗೆ ತಂದರು. ಭೂತಗನ್ನಡಿ ಕಣ್ಣಿಗೇರಿತು. ಗಡಿಯಾರ ಬಿಚ್ಚುವಾಗ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ಬೇರೆ ಬೇರೆ ಬಟ್ಟಲಿನಲ್ಲಿಡುವುದು ಅವರ ಪದ್ಧತಿ. ಅಂಗಡಿಯಲ್ಲಾದರೆ ಹೆಬ್ಬೆರಳಿನಷ್ಟು ಬಟ್ಟಲು ಸಾಕು. ಒಲೆಯ ಸ್ಕ್ರೂಗಳಿಗೆ ಮನೆಯ ಲೋಟ, ಬಟ್ಟಲು, ಸೌಟು, ಕೊನೆಗೆ ತಾಯಿಯವರ ಹಲ್ಲಿನ ಸೆಟ್ ಇಡುವ ಡಬ್ಬಿಯೂ ಬೇಕಾಯಿತು. ಶೆಲ್ಫಿನ ಮೇಲೆ, ಕಟ್ಟೆಯ ಮೇಲೆ, ನೀರಿನ ಪಾತ್ರೆಯ ಮುಚ್ಚಳದ ಮೇಲೆ ಒಲೆಯೇ ಹರಡಿಕೊಂಡಿತು.

ತಾಯಿಯವರು ಸೊಸೆಯ ಕಿವಿಯಲ್ಲಿ, "ಇವನು ಚಿಕ್ಕೋನಿದ್ದಾಗ ಅಳ್ತಾನೆ ಅಂತ ಇವರಪ್ಪ ಒಂದು ಗಡಿಯಾರ ಕೊಟ್ಟು ಕೂರಿಸಿದ್ರು. ಇವನು ಅಳು ನಿಲ್ಲಿಸ್ದ. ಗಡಿಯಾರವೂ ನಿಲ್ತು" ಎಂದರು.

ಕೊನೆಗೂ ಆ ಗಡಿಯಾರ ಒಲೆಯ ಎದೆಯಿಂದ ಕಳಚಿ ಮಾಸ್ತರರ ಅಂಗೈಗೆ ಬಂತು. ಶನಿವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಡಿಗೆ ಒಯ್ದು, ದೀಪದ ಕೆಳಗಿಟ್ಟು, ಉಸಿರು ಬಿಗಿಹಿಡಿದು ಅದರ ಬೆನ್ನು ತೆರೆದರು.

ಒಳಗೆ ಏನೂ ಇರಲಿಲ್ಲ.

ಚಕ್ರ ಇರಲಿಲ್ಲ, ಸ್ಪ್ರಿಂಗ್ ಇರಲಿಲ್ಲ, ಅತ್ತ ಇತ್ತ ಓಲಾಡುವ ಒಂದು ಎಳೆಯೂ ಇರಲಿಲ್ಲ. ಹಸಿರು ಬಣ್ಣದ ಒಂದು ಹಲಗೆಯ ಚೂರು, ಅದರ ಮೇಲೆ ಇರುವೆ ಸತ್ತುಬಿದ್ದಂತೆ ಕಪ್ಪು ಕಪ್ಪು ಚುಕ್ಕೆ. ಮಾಸ್ತರರು ಚಿಮಟದಲ್ಲಿ ಒಂದು ಚುಕ್ಕೆಯನ್ನು ಮೆಲ್ಲಗೆ ಮುಟ್ಟಿದರು. ಅಷ್ಟಕ್ಕೇ ಅದು ಕಿತ್ತುಬಂತು. ಮತ್ತೆ ಅಂಟಿಸಲು ಅದಕ್ಕೆ ಕಾಲೂ ಇರಲಿಲ್ಲ, ಕೊಕ್ಕೆಯೂ ಇರಲಿಲ್ಲ.

ಪಕ್ಕದ ಟೀ ಅಂಗಡಿಯವನು ಬಿಸಿ ಬಿಸಿ ಟೀ ತಂದಿಟ್ಟು, "ನೀವು ಕೊಟ್ಟ ಒಲೆ ಬಂಗಾರ ಮಾಸ್ತರೇ, ಏನ್ ಉರಿ ಅಂತೀರಿ" ಎಂದ. ಮಾಸ್ತರರು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. ಕಸುಬು ಕಲಿತ ಮೇಲೆ ಮೊದಲನೇ ಸಲ ಅವರ ಮುಂದೆ ಒಂದು ಗಡಿಯಾರವಿತ್ತು, ಅದಕ್ಕೆ ಅವರಿಂದ ಏನೂ ಆಗಬೇಕಾಗಿರಲಿಲ್ಲ. ಜಗತ್ತಿನ ಗಡಿಯಾರಗಳೆಲ್ಲ ಹೀಗೆ ಒಳಗೆ ಟೊಳ್ಳಾಗಿ ಹೊರಗೆ ಮಿನುಗುತ್ತಿದ್ದರೆ ತಾನು ಇನ್ನು ಯಾವುದಕ್ಕೆ ಕೀಲಿ ಕೊಡುವುದು ಎಂದು ಅವರು ಆ ಹಸಿರು ಚೂರನ್ನು ಮಗುಚಿ ಮಗುಚಿ ನೋಡಿದರು.

ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಸಂಜೆ ಮನೆಗೆ ಬಂದವರೇ ಮಲಗುವ ಕೋಣೆಯಲ್ಲಿದ್ದ ಟೈಂಪೀಸನ್ನು ಎತ್ತಿಕೊಂಡರು. ಅಂಗಡಿಯ ಗೋಡೆ ತುಂಬ ಗಡಿಯಾರವಿದ್ದರೂ ಮನೆಯಲ್ಲಿದ್ದದ್ದು ಅದೊಂದೇ. ಅದರ ಕಾಲು ಮುರಿದು, ಕಿವಿ ಕಿತ್ತು, ಸುತ್ತಲೂ ಅರ ಹಾಕಿ ಉಜ್ಜಿ, ಒಲೆಯ ಎದೆಯ ತೂತಿಗೆ ಸರಿಯಾಗಿ ಕೂರಿಸಿದರು. ಪ್ಲಾಸ್ಟಿಕ್ ಮುಖ, ಎರಡು ಕಪ್ಪು ಮುಳ್ಳು, ಟಿಕ್ ಟಿಕ್ ಟಿಕ್. ಹಳೆಯ ಗಡಿಯಾರಕ್ಕೆ ಅಂಟಿಕೊಂಡಿದ್ದ ಎರಡು ತಂತಿ ಮಾತ್ರ ಮಿಕ್ಕವು. ಮಿಕ್ಕ ತಂತಿಯನ್ನು ಜೋತುಬಿಡುವುದು ಅಸಹ್ಯವೆಂದು ಎರಡನ್ನೂ ಚೆನ್ನಾಗಿ ಹೊಸೆದು, ಟೇಪು ಸುತ್ತಿ ಒಳಗೆ ತಳ್ಳಿ, ಹಿಂದಿನ ತಗಡು ಮುಚ್ಚಿದರು.

"ಬನ್ನಿ, ನೋಡಿ" ಎಂದು ಕರೆದರು. "ಈಗ ಹೇಳಿ, ಗಂಟೆ ಎಷ್ಟು?"

ಹೆಂಡತಿ ಗಂಟೆ ನೋಡಲಿಲ್ಲ. ಉಸಿರು ಬಿಟ್ಟು, "ಸದ್ಯ, ಮುಗೀತಲ್ಲ. ಅನ್ನಕ್ಕಿಡ್ತೀನಿ" ಎಂದು ಪಾತ್ರೆ ಎತ್ತಿಕೊಂಡಳು.

"ಏ ಏ, ಇಡು ಕೆಳಗೆ. ಈಗ ತಾನೇ ರಿಪೇರಿಯಾಗಿದೆ. ಒಂದು ವಾರ ನಿಗಾದಲ್ಲಿರ್ಬೇಕು."

ಹೆಂಡತಿ ಪಾತ್ರೆಯನ್ನು ಕುಕ್ಕಿ ಕೆಳಗಿಟ್ಟಳು. ಗುರುವಾರದಿಂದ ಆ ಮನೆಯಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು ಬಾಳೆಹಣ್ಣು, ಸಂಜೆ ಬಾಳೆಹಣ್ಣು ಬ್ರೆಡ್ಡು. ತಾಯಿಯವರು ಬ್ರೆಡ್ಡನ್ನು ತಣ್ಣೀರಿನಲ್ಲಿ ಅದ್ದಿ ತಿಂದು ತಿಂದು ಮಾತು ಕಡಿಮೆ ಮಾಡಿದ್ದರು. ಈಗ ಬಾಯಿ ಬಿಟ್ಟರು. "ನನಗೆ ಇಷ್ಟು ವಯಸ್ಸಾಯ್ತು. ಬಿದ್ದೆ, ಎದ್ದೆ, ಆಸ್ಪತ್ರೆಗೆ ಹೋಗಿ ಬಂದೆ. ಒಂದು ದಿನಾನಾದ್ರೂ ನನ್ನನ್ನ ಇಷ್ಟು ನಿಗಾ ಇಟ್ಟು ನೋಡಿದೀಯೇನೋ?"

ಮಾಸ್ತರರು ಜಗ್ಗಲಿಲ್ಲ. ಭಾನುವಾರವಿಡೀ ಸ್ಟೂಲ್ ಹಾಕಿಕೊಂಡು ಒಲೆಯನ್ನು ಕಾದರು. ನಡುನಡುವೆ, ಅಂಗಡಿಯಲ್ಲಿ ಏನೋ ಮರೆತೆ ಎಂದು ಎದ್ದು ಹೋಗಿ ಬರುತ್ತಿದ್ದರು. ಮೂರನೆಯ ಸಲ ಬಂದಾಗ ಹೆಂಡತಿ ಹತ್ತಿರ ಬಂದು ಮೂಸಿದಳು.

"ಟೀ ಕುಡಿದು ಬಂದ್ರಾ?"

"ಒಂದೇ ಒಂದು ಲೋಟ."

"ನನ್ನ ಒಲೆ ಮೇಲೆ ಕಾಸಿದ ಟೀ."

ಮಾಸ್ತರರು ಟೈಂಪೀಸಿನ ಕಡೆ ನೋಡಿದರು. ಅದು ಅವರ ಸಹಾಯಕ್ಕೆ ಬರಲಿಲ್ಲ.

ಹೆಂಡತಿ ಕೂಗಾಡಬಹುದಿತ್ತು. ಕೂಗಾಡಿದ್ದರೆ ಮಾಸ್ತರರಿಗೆ ಸುಲಭವಾಗುತ್ತಿತ್ತು. ಆಕೆ ನೆಲದ ಮೇಲೆ, ಸ್ಟೂಲಿನ ಎದುರು ಕೂತುಕೊಂಡಳು. "ನೋಡಿ, ಅಂಗಡೀಲಿ ಕೆಲಸ ಇಲ್ಲ ಅಂತ ನನಗೆ ಗೊತ್ತಿಲ್ವಾ? ನಿಮ್ಮ ಕೈ ನೋಡಿದ್ರೆ ಗೊತ್ತಾಗುತ್ತೆ. ನಾನು ಯಾವತ್ತಾದ್ರೂ ಕೇಳಿದ್ನಾ? ನಾಳೆ ಒಂದು ದಿನ ಈ ಊಟ ಹೋದ್ರೆ ನಮ್ಮ ಮನೆ ನಡೆಯುತ್ತೆ. ಹೋಗ್ಲಿಲ್ಲ ಅಂದ್ರೆ ನನಗೆ ಮುಂದೆ ಏನೂ ಕಾಣ್ತಿಲ್ಲ. ನಿಮ್ಮ ಗಡಿಯಾರ ನೀವು ಎಷ್ಟು ದಿನ ಬೇಕಾದ್ರೂ ನೋಡ್ಕೊಳ್ಳಿ. ನನಗೆ ಮೇಲಿನ ನಾಲ್ಕು ಕಣ್ಣು ಬಿಟ್ಕೊಡಿ."

ಮಾಸ್ತರರು ಭೂತಗನ್ನಡಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ಮೇಲಿಂದು ಮಾತ್ರ" ಎಂದರು. ದನಿ ಸಣ್ಣಗಿತ್ತು.

ಆಕೆ ಆ ಹೊತ್ತೇ ಎದ್ದು ಸೋಮವಾರದ ಸಿದ್ಧತೆಗೆ ಇಳಿದಳು. ಬೇಳೆ ಆರಿಸಿದಳು, ಬೀನ್ಸ್ ಹೆಚ್ಚಿದಳು. ಊಟ ತುಂಬಲು ತಂದಿದ್ದ ಹೊಚ್ಚಹೊಸ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಳೆದು ಒರೆಸಿದಳು. ಇಡಲು ಜಾಗ ಹುಡುಕಿದರೆ ಶೆಲ್ಫಿನ ತುಂಬ ಗಂಡನ ಬಟ್ಟಲುಗಳು, ಬಟ್ಟಲುಗಳ ತುಂಬ ಮಿಕ್ಕ ಸ್ಕ್ರೂಗಳು. ಧೂಳಿಲ್ಲದ ಜಾಗ ಎಂದರೆ ಅಡುಗೆಮನೆಯಲ್ಲಿ ಒಂದೇ ಇತ್ತು. ಓವನ್ನಿನ ಬಾಗಿಲು ತೆರೆದು ಡಬ್ಬಿಗಳನ್ನು ಒಳಗೆ ಸಾಲಾಗಿ ಜೋಡಿಸಿ, ಬಾಗಿಲು ಹಾಕಿದಳು. ಪ್ಲಗ್ ಕಿತ್ತಿತ್ತು. ಓವನ್ನಿನಲ್ಲಿ ಏನಾದರೂ ಬೇಯಿಸುವ ಯೋಚನೆ ಆಕೆಗೆ ಮೊದಲಿನಿಂದಲೂ ಇರಲಿಲ್ಲ. ಒಳ್ಳೆಯ ಬೀರು ಎಂದೇ ಆಕೆ ಅದನ್ನು ಇಷ್ಟಪಟ್ಟದ್ದು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು, ಕಿಡಿ ಹಾರಲು ಕರೆಂಟು ಬೇಕಲ್ಲ ಎಂದು ಪ್ಲಗ್ ಹಾಕಿ, ನಾಬ್ ಒತ್ತಿದಳು. ಪಟ್. ನೀಲಿ ಉರಿ. ನಾಲ್ಕೂ ಕಣ್ಣು ಹತ್ತಿದವು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಅನ್ನ ಕುದಿಯುವ ಸದ್ದು ಕೇಳಿತು. ತಾಯಿಯವರು ಹೊಸ್ತಿಲಲ್ಲೇ ಪೀಠ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ಆ ವಾಸನೆ ಕುಡಿದರು.

ಹೊಸೆದ ಆ ಎರಡು ತಂತಿಗಳೂ ತಮ್ಮ ಪಾಡಿಗೆ ತಾವು ಓವನ್ನಿಗೆ ಕರೆಂಟು ಹರಿಸತೊಡಗಿದ್ದವು. ಯಾವ ಗಡಿಯಾರ ಇಷ್ಟು ದಿನ ಓವನ್ನನ್ನು ತಡೆದು ಹಿಡಿದಿತ್ತೋ ಆ ಗಡಿಯಾರವೇ ಈಗ ಇರಲಿಲ್ಲ. ಗುರುವಾರ ಮಾಸ್ತರರು ತಿರುಗಿಸಿದ್ದ ಓವನ್ನಿನ ನಾಬು ಕೊನೆಮುಟ್ಟ ತಿರುಗಿಕೊಂಡೇ ಇತ್ತು. ಹೊಟ್ಟೆಯೊಳಗಿನ ಕಾವು ಸದ್ದಿಲ್ಲದೆ ಏರುತ್ತ ಹೋಯಿತು.

"ಬೀನ್ಸ್ ತಳ ಹಿಡೀತಾ ಇದೆ ಅನ್ಸುತ್ತೆ" ಎಂದು ಹೆಂಡತಿ ಬೀನ್ಸಿಗೆ ನೀರು ಚಿಮುಕಿಸಿದಳು.

"ಹೊಸ ಒಲೆ ಅಲ್ವಾ, ಬಣ್ಣದ ವಾಸನೆ" ಎಂದರು ಮಾಸ್ತರರು, ಗೊತ್ತಿರುವವರ ಧಾಟಿಯಲ್ಲಿ.

"ಬಣ್ಣವೂ ಅಲ್ಲ ಬೀನ್ಸೂ ಅಲ್ಲ. ಯಾರೋ ಚಪ್ಪಲಿ ಬೇಯಿಸ್ತಾ ಇದಾರೆ" ಎಂದರು ತಾಯಿಯವರು.

ಅಷ್ಟರಲ್ಲಿ ಓವನ್ನಿನ ಬಾಗಿಲ ಸಂದಿಯಿಂದ ಒಂದು ಹಸಿರು ಹನಿ ನಿಧಾನವಾಗಿ ಇಳಿದು ನೆಲದ ಮೇಲೆ ಬಿತ್ತು. ಮೂವರೂ ಅದನ್ನು ನೋಡಿದರು. ಹೆಂಡತಿ ಪ್ಲಗ್ ಕಿತ್ತು, ಬಟ್ಟೆ ಹಿಡಿದು ಬಾಗಿಲು ಎಳೆದಳು. ಕಪ್ಪು ಹೊಗೆಯೊಂದು ಹೊರಬಂದು ಮನೆಯವರ ಪರಿಚಯ ಮಾಡಿಕೊಂಡಿತು. ಒಳಗೆ, ಕೆಂಪು ಹಳದಿ ಹಸಿರು ಎಂದು ಬೇರೆ ಬೇರೆಯಾಗಿದ್ದ ಡಬ್ಬಿಗಳೆಲ್ಲ ಒಂದಾಗಿ, ಮುಚ್ಚಳ ಯಾವುದು ತಳ ಯಾವುದು ಎಂಬ ಭೇದವಿಲ್ಲದ ಅವಿಭಕ್ತ ಕುಟುಂಬವಾಗಿದ್ದವು.

ಹೆಂಡತಿ ನೆಲದ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ಮಾಸ್ತರರು ಮದುವೆಯಾದ ಈ ಇಪ್ಪತ್ತು ವರ್ಷಗಳಲ್ಲಿ ಆಕೆ ಹಾಗೆ ಅತ್ತದ್ದನ್ನು ಕಂಡಿರಲಿಲ್ಲ. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಭೂಮಿಗೆ ಬೇರೆ ಕೆಲಸವಿತ್ತು.

"ಊಟ ಆಗಿದೆಯಲ್ಲ" ಎಂದರು ತಾಯಿಯವರು. "ಡಬ್ಬಿ ಇಲ್ಲದಿದ್ರೆ ಪಾತ್ರೆ ಸಮೇತ ಹೊತ್ಕೊಂಡು ಹೋಗಿ. ಹಸಿದೋರು ಡಬ್ಬಿ ನೋಡ್ತಾರಾ?"

ಹೆಂಡತಿ ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಗಂಟೆ ಎಷ್ಟು?"

ಆ ಮನೆಯಲ್ಲಿ ಫೋನು ನೋಡಿ ಗಂಟೆ ತಿಳಿಯುವುದೆಂದರೆ ಹಿರಿಯರ ಎದುರು ಬೀಡಿ ಹಚ್ಚಿದಂತೆ. ಮೂವರೂ ಟೈಂಪೀಸಿನ ಕಡೆಗೇ ತಿರುಗಿದರು. "ಹನ್ನೆರಡು ಕಾಲು" ಎಂದರು ಮಾಸ್ತರರು. ತಾನು ಇನ್ನೂ ಉಪಯೋಗಕ್ಕೆ ಬರುತ್ತೇನೆಂಬ ಆಸೆ ಆ ದನಿಯಲ್ಲಿತ್ತು. "ಬೇಕಾದಷ್ಟು ಹೊತ್ತಿದೆ. ನಿಧಾನವಾಗಿ ಬಿಗಿಯಾಗಿ ಕಟ್ಟಿಕೊಳ್ಳೋಣ."

ಅನ್ನದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದರು. ಬೇಳೆಯದು ಚೆಲ್ಲದಂತೆ ಎರಡು ಸುತ್ತು ಕಟ್ಟಿದರು. ಬೀನ್ಸಿಗೆ ಒಂದು ಬಕೆಟ್ಟು ಸಿಕ್ಕಿತು. ಎಲ್ಲ ಮುಗಿಸಿ ಹೊರಡುವಾಗ ತಾಯಿಯವರು, "ಮುಳ್ಳು ಆಗಲೂ ಅಲ್ಲೇ ಇತ್ತಲ್ವೇನೋ?" ಎಂದರು.

"ಅಮ್ಮಾ, ನಿನ್ನ ಕಣ್ಣಿಗೆ ಮುಳ್ಳು ಕಾಣೋದೇ ಹೆಚ್ಚು. ನಡೆಯೋದು ಕಾಣುತ್ತಾ?" ಎಂದು ಮಾಸ್ತರರು ಬೇಳೆಯ ಪಾತ್ರೆಯನ್ನು ಎದೆಗವಚಿಕೊಂಡು ಬಾಗಿಲು ದಾಟಿದರು. ಓವನ್ನಿನ ಕಾವಿಗೆ ಟೈಂಪೀಸಿನ ಪ್ಲಾಸ್ಟಿಕ್ ಮುಖ ಉಬ್ಬಿ, ಮುಳ್ಳು ಅದಕ್ಕೆ ಸಿಕ್ಕಿಕೊಂಡು, ಟಿಕ್ ಟಿಕ್ ಯಾವಾಗಲೋ ನಿಂತುಹೋಗಿತ್ತು. ಬೀದಿಯ ಆಚೆ ಗಡಿಯಾರವೊಂದು ನಿಂತರೂ ಟಿಕ್ ಟಿಕ್ ಕೇಳದ್ದರಿಂದಲೇ ಪತ್ತೆ ಹಚ್ಚುತ್ತಿದ್ದ ಕಿವಿಗೆ ಅವತ್ತು ಹೆಂಡತಿಯ ಅಳು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಬಸ್ಸಿನ ಕಂಡಕ್ಟರ್ ಪಾತ್ರೆಗಳ ಕಡೆ ಒಂದು ನೋಟ ನೋಡಿ ಸೀಟಿ ಊದಿ ಹೊರಟೇಹೋದ. ನಡೆದರು. ಹೆಂಡತಿ ತಲೆಯ ಮೇಲೆ ಅನ್ನ, ಕೈಯಲ್ಲಿ ಬೀನ್ಸು. ಮಾಸ್ತರರು ಬೇಳೆಯನ್ನು ತೊಟ್ಟಿಲ ಮಗುವಿನಂತೆ ಹೊತ್ತು ಹಿಂದೆ. ರೈಲ್ವೆ ಗೇಟು ಹಾಕಿತ್ತು. ಒಂದು ಗೂಡ್ಸ್ ರೈಲು ಒಂದೊಂದೇ ಡಬ್ಬಿ ಎಣಿಸಿಕೊಳ್ಳುವಂತೆ ಸಾಗಿತು. ಹೆಂಡತಿ ಹಿಂದೆ ತಿರುಗಿ, "ಇನ್ನೂ ಹೊತ್ತಿದೆ ತಾನೆ?" ಎಂದು ಕೇಳಿದಳು. "ಧಾರಾಳವಾಗಿ" ಎಂದರು ಮಾಸ್ತರರು. ಬೆವರು ಕಣ್ಣಿಗಿಳಿದರೂ ಅವರ ಕೈ ಮಾತ್ರ ಅಲುಗಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು ಪಳಗಿದ ಕೈ ಅದು, ಒಂದು ಹನಿ ಬೇಳೆ ಚೆಲ್ಲಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಗಂಟೆಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಹಿಂದೆ ಗೋಡೆಯ ಮೇಲೆ ದೊಡ್ಡ ಗಡಿಯಾರ. ಒಂದು ಗಂಟೆ ಹೊಡೆದು ಹದಿನೈದು ನಿಮಿಷವಾಗಿತ್ತು. ಮಾಸ್ತರರು ಆ ಗಡಿಯಾರವನ್ನು ನೋಡಿದರು. ಅದು ಸರಿಯಾಗಿದೆಯೆಂದು ಅವರಿಗೆ ನೋಡಿದ ಕೂಡಲೇ ತಿಳಿಯಿತು. ತನ್ನದೇ ತಪ್ಪೆಂದೂ ತಿಳಿಯಿತು.

"ಏನಮ್ಮಾ ಇದು? ಬೆಲ್ ಹೊಡೆದು ಎಷ್ಟು ಹೊತ್ತಾಯ್ತು? ಡಬ್ಬಿ ಎಲ್ಲಿ?"

ಹೆಂಡತಿ ತಲೆಯ ಮೇಲಿನ ಪಾತ್ರೆ ಇಳಿಸಿದಳು. ಕಟ್ಟಿದ ಬಟ್ಟೆ ಸಡಿಲಿಸಿದ್ದೇ ಅನ್ನದ ಹಬೆ, ಬೇಳೆಯ ಒಗ್ಗರಣೆಯ ಘಮ ಒಳಗೆ ನುಗ್ಗಿತು. ಹಸಿದು ಕೂತಿದ್ದ ಹೆಂಗಸರು ಗಂಟೆಯಮ್ಮನ ಅಪ್ಪಣೆಗೆ ಕಾಯಲಿಲ್ಲ. ತಟ್ಟೆ ಇಲ್ಲವೆಂದು ಯಾರೋ ಬಟ್ಟೆ ಕತ್ತರಿಸುವ ದಪ್ಪ ಕಾಗದದ ಅಚ್ಚುಗಳನ್ನೇ ಎಳೆದು ತಂದರು. ಒಬ್ಬಳು ಅಂಗಿಯ ಬೆನ್ನಿನ ಮೇಲೆ ಅನ್ನ ಹಾಕಿಸಿಕೊಂಡಳು, ಇನ್ನೊಬ್ಬಳು ಕಾಲರಿನ ಮೇಲೆ ಬೀನ್ಸು. ಟೀ ಲೋಟಗಳಲ್ಲಿ ಬೇಳೆ. ಮಿಕ್ಕ ಬಿಡುವಿನಲ್ಲಿ ಪಾತ್ರೆಗಳ ತಳ ಕಂಡಿತು.

ಗಂಟೆಯಮ್ಮ ತಾನೂ ಒಂದು ಲೋಟ ಬೇಳೆ ಕುಡಿದು ಬಾಯಿ ಒರೆಸಿಕೊಂಡಳು. "ಕೈ ರುಚಿ ಇದೆ, ಇಲ್ಲ ಅನ್ನಲ್ಲ" ಎಂದಳು. "ಆದ್ರೆ ಈ ತಡ ನಡೆಯಲ್ಲ. ನಾಳೆ ಇನ್ನೊಂದು ದಿನ ನೋಡ್ತೀನಿ. ನಾಳೇನೂ ಹೀಗೇ ಆದ್ರೆ ಗೇಟಿನ ಒಳಗೆ ಬಿಡಲ್ಲ." ಆಮೇಲೆ ಖಾಲಿ ಪಾತ್ರೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಮಾಸ್ತರರ ಕಡೆ ಗಲ್ಲ ತೋರಿಸಿ, "ಇವರು ಯಾರು?" ಎಂದಳು.

ಹೆಂಡತಿ ಗಂಡನನ್ನು ನೋಡಿದಳು. ನನ್ನ ಯಜಮಾನರು, ಗಡಿಯಾರ ರಿಪೇರಿ ಮಾಡ್ತಾರೆ ಎಂದು ಹೇಳಿದರೆ, ಗಡಿಯಾರದವರ ಮನೆಯಿಂದ ತಡವಾಗಿ ಬಂದಿರಾ ಎಂದು ಇಡೀ ಕಾರ್ಖಾನೆ ನಗುತ್ತದೆ. "ಪಾತ್ರೆ ಹೊರೋಕೆ ಒಂದು ಜನ ಬೇಕಾಗಿತ್ತು" ಎಂದಳು.

"ಹೊರೋದು ಚೆನ್ನಾಗಿ ಹೊರ್ತಾನೆ. ದಾರಿಯಲ್ಲಿ ಕಾಲೆಳೀತಾನೆ ಅನ್ಸುತ್ತೆ" ಎನ್ನುತ್ತ ಗಂಟೆಯಮ್ಮ ಮಾಸ್ತರರ ಹತ್ತಿರಕ್ಕೆ ಬಂದು, ಗೋಡೆಯ ಮೇಲಿನ ಗಡಿಯಾರಕ್ಕೆ ಬೆರಳು ತೋರಿಸಿದಳು. "ಏನಪ್ಪಾ, ನಾಳೆ ಸರಿಯಾದ ಹೊತ್ತಿಗೆ ತಂದುಬಿಡ್ತೀಯಾ? ಗಡಿಯಾರ ನೋಡೋಕಾದ್ರೂ ಬರುತ್ತಾ ನಿನಗೆ?"

ಇದರ ಅರ್ಧ ಮಾತಿಗೇ ಮಾಸ್ತರರು ಎಷ್ಟೋ ಗಿರಾಕಿಗಳನ್ನು ಅಂಗಡಿಯ ಮುಂದಿನಿಂದ ಅಟ್ಟಿದ್ದನ್ನು ಹೆಂಡತಿ ಕಂಡಿದ್ದಳು. ಈಗ ಒಂದು ಮಾತು ಹೊರಬಿದ್ದರೆ ಸಾಕು, ನಾಳೆ ಎಂಬುದು ಮುಗಿದುಹೋಗುತ್ತಿತ್ತು. ಆಕೆ ಪಾತ್ರೆಯ ಅಂಚು ಬಿಗಿಯಾಗಿ ಹಿಡಿದುಕೊಂಡು, ಗಂಡನ ಮುಖವನ್ನೇ ಬೇಡುವಂತೆ ನೋಡಿದಳು.

ಮಾಸ್ತರರು ಗಡಿಯಾರವನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿದರು.

"ಕಲೀತೀನಮ್ಮಾ" ಎಂದರು.